ಬೆಳಕವ್ವನಿಗೆ ಒಪ್ಪಿಸಿದ ಉಸಿರು

ಬೆಳಕವ್ವ ಹೋದಳೆಂಬುದು ಬಟ್ಟಿಹಾಳದವರಿಗೆ ತಿಳಿದದ್ದು ಒಂದು ಮಂಗಳವಾರ, ಮುಂಜಾನೆಯ ಮೊದಲ ಪಾಳಿಯಲ್ಲಿ. ಎಲ್ಲರಿಗಿಂತ ಮೊದಲು ಕಂಡವನು ಯಮನಪ್ಪ ಸುಣಗಾರ. ಕಂಡರೂ ಅವನು ಅದನ್ನು ತನ್ನ ಎದೆಯ ದೋಷವೆಂದೇ ಬಗೆದ.

ಎಪ್ಪತ್ತೊಂದರ ವಯಸ್ಸು, ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಒಂಬತ್ತು ಜನ ಪ್ರವಾಸಿಗರನ್ನು ಕರೆದುಕೊಂಡು ಅವನು ಎಂದಿನಂತೆ ಗವಿಯ ಮೂವತ್ತೆರಡು ಮೆಟ್ಟಿಲು ಇಳಿದ. ಕೆಳಗಿನ ಅಂಗಳ ತಲುಪಿ ಕೈದೀಪ ಆರಿಸಿದ.

"ಎಲ್ಲಾರೂ ಗಪ್ಪನ ನಿಂದರ್ರಿ. ಮೊಬೈಲ್ ಕಿಸೆದಾಗ ಇಡ್ರಿ. ಈಗ ನಾ ಒಂದ ಉಸಿರು ಬಿಡ್ತೀನಿ, ನಮ್ಮವ್ವ ಕಣ್ಣು ತೆರೀತಾಳ," ಎಂದು ಗೋಡೆಯ ಕಡೆ ಮುಖ ಮಾಡಿ, ಹೊಟ್ಟೆಯ ಆಳದಿಂದ ಉಸಿರು ಬಿಟ್ಟ.

ಏನೂ ಆಗಲಿಲ್ಲ.

ಮತ್ತೊಂದು ಬಿಟ್ಟ. ಇನ್ನೊಂದು ಬಿಟ್ಟ. ಏಳೆಂಟು ಆಗುವಷ್ಟರಲ್ಲಿ ಎದೆಯಲ್ಲಿ ಸಿಳ್ಳು ಹೊರಟಿತು. ಕತ್ತಲಲ್ಲಿ ಯಾರೋ ಹೆಂಗಸು, "ಅಜ್ಜಾರ, ಕರೆಂಟ್ ಹೋತೇನ್ರಿ?" ಎಂದಳು. ಉಳಿದವರು ನಕ್ಕರು. ಯಮನಪ್ಪನೂ ನಕ್ಕ.

"ಕರೆಂಟ್ ಅಲ್ರಿ ತಂಗಿ, ಈ ಮುದುಕನ ತಿದಿ ಹರಿದೈತಿ. ನೀವ ಊದ್ರಿ ನೋಡೋಣು."

ಒಂಬತ್ತು ಜನರೂ ಊದಿದರು. ಅಷ್ಟು ಜನರ ಉಸಿರಿಗೆ ಗೋಡೆ ಹುಣ್ಣಿಮೆಯ ಹೊಳೆಯ ಹಾಗೆ ಹೊಳೆಯಬೇಕಿತ್ತು. ಕತ್ತಲು ಕದಲಲಿಲ್ಲ. ಆಮೇಲೆ ಯಾರೂ ನಗಲಿಲ್ಲ. ಯಮನಪ್ಪ ಕೈ ಚಾಚಿ, ಹುಟ್ಟಿದಂದಿನಿಂದ ಮುಟ್ಟದ ಆ ಗೋಡೆಯನ್ನು ಬೆರಳ ತುದಿಯಿಂದ ಮುಟ್ಟಿದ. ಅಲ್ಲಿ ತಂಪು ಲೋಳೆ ಇರಬೇಕಿತ್ತು. ಒಣ ಪುಡಿ ಬೆರಳಿಗೆ ಹತ್ತಿತು.

ಬಟ್ಟಿಹಾಳ ಬಾಗಲಕೋಟೆಯ ಸೀಮೆಯಲ್ಲಿ ಸುಣ್ಣಗಲ್ಲಿನ ಗುಡ್ಡದ ಬುಡದಲ್ಲಿರುವ ಊರು. ಕಲ್ಲು ಒಡೆದು, ಬಟ್ಟಿಯಲ್ಲಿ ಸುಟ್ಟು ಸುಣ್ಣ ಮಾಡಿ, ಆ ಪುಡಿಯನ್ನೇ ಉಸಿರಾಡಿ, ಐವತ್ತಕ್ಕೆಲ್ಲ ಕೆಮ್ಮಿ ಸಾಯುವುದು ಅಲ್ಲಿ ತಲೆಮಾರುಗಳಿಂದ ನಡೆದುಬಂದ ಬಾಳು. ಗುಡ್ಡದ ಹೊಟ್ಟೆಯೊಳಗಿನ ಗವಿಯೊಂದನ್ನು ಮಾತ್ರ ಯಾರೂ ಒಡೆದಿರಲಿಲ್ಲ. ಅದರ ಗೋಡೆಯ ಮೇಲೆ ತೆಳ್ಳಗಿನ ಒಂದು ಹಾಸು ಇತ್ತು. ಮನುಷ್ಯನ ಉಸಿರು ತಗುಲಿದರೆ ಅದು ನೀಲಿಯಾಗಿ ಬೆಳಗುತ್ತಿತ್ತು. ಹಿರಿಯರು ಅದಕ್ಕೆ ಬೆಳಕವ್ವ ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹನ್ನೊಂದನೆಯ ದಿನ ಮನೆಮಂದಿಯೆಲ್ಲ ಗವಿಗಿಳಿದು, ಹೋದವರ ಹೆಸರು ಹೇಳಿ, ಗೋಡೆಗೆ ಒಂದೊಂದು ಉಸಿರು ಒಪ್ಪಿಸುವರು. ಗೋಡೆ ಬೆಳಗಿದರೆ ಹೋದ ಜೀವದ ದಣಿವು ಆರಿತು ಎಂದು ನಂಬಿಕೆ. ಯಮನಪ್ಪನ ಮಗಳು ಗೌರವ್ವ ಒಂಬತ್ತು ವರ್ಷದವಳು, ಬಟ್ಟಿಯ ಹೊಗೆಗೆ ಕೆಮ್ಮಿ ಕೆಮ್ಮಿ ಸತ್ತಳು. ಅಂದೂ ಗೋಡೆ ಬೆಳಗಿತ್ತು. ಆ ನೀಲಿಯನ್ನು ಕಂಡ ಮೇಲೆಯೇ ಅವನ ಹೆಂಡತಿ ದುಂಡವ್ವ ಊಟದ ತಾಟಿನ ಮುಂದೆ ಕೂತದ್ದು.

ಹನ್ನೊಂದು ವರ್ಷದ ಹಿಂದೆ ವಿಜಯಪುರದ ಕಡೆಯ ಶಾಹೀನ್ ಬಾಗವಾನ ಎಂಬ ವಿಜ್ಞಾನಿ ಊರಿಗೆ ಬಂದಳು. ಬೆಳಕವ್ವ ಎಂದರೆ ಕಣ್ಣಿಗೆ ಕಾಣದ ಕೋಟಿ ಜೀವಿಗಳ ಹಾಸು ಎಂದು ಅವಳು ಊರವರಿಗೆ ತಿಳಿಸಿ ಹೇಳಿದಳು. ಕಲ್ಲಿನ ಸಂದಿಯಲ್ಲಿ ಜಿನುಗುವ ಅನಿಲವೇ ಅವುಗಳ ಅನ್ನ. ಉಸಿರು ತಗುಲಿದರೆ ಕೂಡಿಟ್ಟ ಶಕ್ತಿಯನ್ನು ಬೆಳಕಾಗಿ ಚೆಲ್ಲುತ್ತವೆ. ಚೆಲ್ಲಿದ್ದನ್ನು ಮತ್ತೆ ಕೂಡಿಸಿಕೊಳ್ಳಲು ಒಂದು ಹಗಲು, ಒಂದು ರಾತ್ರಿ ಬೇಕು. ದಿನಕ್ಕೆ ಆರು ಸಾವಿರ ಉಸಿರು ಅವು ತಡೆಯಬಲ್ಲವು, ಅದರ ಮೇಲೆ ಒಂದೂ ಇಲ್ಲ. ಒಬ್ಬನು ಹತ್ತು ನಿಮಿಷ ಒಳಗಿದ್ದರೆ ನೂರೈವತ್ತು ಉಸಿರು. ಹಾಗಾಗಿ ದಿನಕ್ಕೆ ಮೂವತ್ತಾರು ಪ್ರವಾಸಿಗರು, ಅವರನ್ನು ಕರೆದೊಯ್ಯುವ ನಾಲ್ವರು ಗೈಡುಗಳು. ಈ ಲೆಕ್ಕ ತಪ್ಪದಂತೆ ಅವಳು ನೆಲ್ಲಿಕಾಯಿ ಗಾತ್ರದ ಮಣಿಗಳನ್ನು ಮಾಡಿಸಿದಳು. ಕೊರಳಿಗೆ ಹಾಕಿಕೊಂಡರೆ ಎದೆ ಏರಿಳಿಯುವುದನ್ನು ಮಣಿ ಎಣಿಸುತ್ತಿತ್ತು. ಎಲ್ಲರ ಎಣಿಕೆ ಕೂಡಿ ಆರು ಸಾವಿರ ಮುಟ್ಟಿದೊಡನೆ ಗವಿಯ ಕಬ್ಬಿಣದ ಬಾಗಿಲು ತಾನೇ ಮುಚ್ಚಿಕೊಂಡು, ಮರುದಿನದ ತನಕ ತೆರೆಯುತ್ತಿರಲಿಲ್ಲ. ಊರವರು ಉಸಿರು ಒಪ್ಪಿಸುವ ದಿನ ಅವರಿಗೂ ಮಣಿ ಕೊಟ್ಟು, ಅಷ್ಟು ಉಸಿರನ್ನು ಪ್ರವಾಸಿಗರ ಪಾಲಿನಿಂದ ಕಳೆಯುವುದೆಂದು ಗೊತ್ತುಮಾಡಿದರು.

ಹೀಗೆ ಬಟ್ಟಿಹಾಳ ಬದುಕಿತು. ದೇಶದ ಮೂಲೆಮೂಲೆಯಿಂದ ಜನ ಚೀಟಿ ಎತ್ತಿಸಿ, ತಮ್ಮ ಸರದಿಗೆ ವರ್ಷಗಟ್ಟಲೆ ಕಾದು ಬರುತ್ತಿದ್ದರು. ಬಂದವರು ಎರಡು ದಿನ ಊರಲ್ಲೇ, ಊರವರ ಮನೆಯಲ್ಲೇ ಇರಬೇಕು. ಯಾರ ಮನೆಗೆ ಯಾವ ಅತಿಥಿ ಎಂಬುದು ಪಾಳಿಯ ಮೇಲೆ. ಲಾಡ್ಜು ಕಟ್ಟುತ್ತೇವೆಂದು ಬಂದವರನ್ನು ಪಂಚಾಯತಿಯವರು ಚಹಾ ಕುಡಿಸಿ ಕಳಿಸಿಬಿಟ್ಟರು. ಮಣಿಯ ಪಟ್ಟಿಯನ್ನು ಕೂಡ ಹೊರಗಿನಿಂದ ತರಿಸದೆ, ಪಕ್ಕದ ಊರಿನ ಚಪ್ಪಲಿ ಹೊಲಿಯುವವರ ಕೈಯಲ್ಲೇ ಮಾಡಿಸಿದರು. ಬಟ್ಟಿಗಳು ಒಂದೊಂದಾಗಿ ಆರಿದವು. ಗೋವೆಗೆ ದುಡಿಯಲು ಹೋದವರು ಗಂಟು ಕಟ್ಟಿಕೊಂಡು ಮರಳಿದರು. ಎದೆರೋಗಕ್ಕೆಂದೇ ಒಂದು ದವಾಖಾನೆಯಾಯಿತು. ಗುಡ್ಡದಲ್ಲಿ ಆ ಜೀವ ಇರುವ ತನಕ ಅಲ್ಲಿ ಕಲ್ಲು ಒಡೆಯಕೂಡದೆಂದು ಸರಕಾರ ಬರೆದುಕೊಟ್ಟಿತು. ಇರುವ ತನಕ ಎಂಬ ಮಾತನ್ನು ಆಗ ಯಾರೂ ಎರಡು ಸಲ ಓದಲಿಲ್ಲ.

ಆ ಮಂಗಳವಾರ ಮಧ್ಯಾಹ್ನ ಶಾಹೀನ್ ತನ್ನ ಯಂತ್ರಗಳ ಮುಂದೆ ಕೂತಿದ್ದಳು. ಹಳೆಯ ಸುಣ್ಣದ ಗೋದಾಮೇ ಅವಳ ನಿಯಂತ್ರಣ ಕೊಠಡಿ. ಎಷ್ಟು ಸಲ ತೊಳೆದರೂ ಅದರ ಗೋಡೆಗೆ ಒರಗಿದವರ ಬೆನ್ನು ಬೆಳ್ಳಗಾಗುತ್ತಿತ್ತು. ಯಮನಪ್ಪ ಬಾಗಿಲಲ್ಲೇ ನಿಂತ.

"ಒಳಗ ಬರ್ರಿ ಕಾಕಾ. ನೋಡ್ರಿ ಇಲ್ಲಿ." ತೆರೆಯ ಮೇಲಿನ ಗೆರೆಯನ್ನು ಅವಳು ಬೆರಳಿಂದ ತೋರಿಸಿದಳು. "ನಿನ್ನೆ ಸಂಜೀತನಕ ಬೆಳಕು ಹನ್ನೊಂದು ವರ್ಷದ ಹಿಂದ ಇದ್ದಷ್ಟೇ ಐತಿ. ಕೂದಲೆಳಿ ಕಮ್ಮಿಲ್ಲ. ಮುಂಜಾನೆ ನೋಡಿದ್ರ ಸೊನ್ನಿ. ಜಡ್ಡಿಲ್ಲ ಜಾಪತ್ರಿಲ್ಲ, ಹಿಂಗ ಒಮ್ಮಿಗೇ ಹ್ಯಾಂಗ ಸಾಯ್ತೈತಿ?"

"ಒಳಗವಿ ನೋಡಿದ್ರೇನ್ರಿ ಬಾಯಾರ?"

"ನೋಡಿದೆ. ಹಿಂದಿನ ಗೋಡಿ ಮ್ಯಾಲೆ ಒಂದ ರೊಟ್ಟಿಯಷ್ಟು ಜೀವ ಐತಿ. ಉಳಿದದ್ದೆಲ್ಲಾ ಪುಡಿ." ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಆರು ಸಾವಿರ ಅಂದಾಕಿ ನಾನು. ನನ್ನ ಲೆಕ್ಕಾನ ತಪ್ಪಿರಬೇಕು. ಮ್ಯಾಲಿನವರಿಗೂ ಹಂಗ ಬರದು ತಿಳಸ್ತೀನಿ."

ಯಮನಪ್ಪನ ನಾಲಿಗೆಯ ತುದಿಗೆ ಏನೋ ಬಂದಿತು. ಏನೆಂದು ಅವನಿಗೇ ಸ್ಪಷ್ಟವಾಗಲಿಲ್ಲ. "ಶಿವ ಅದಾನ್ರಿ," ಎಂದಷ್ಟೇ ಹೇಳಿ ಮನೆಯ ದಾರಿ ಹಿಡಿದ.

ಮನೆಯಲ್ಲಿ ಆ ಪಾಳಿಯ ಅತಿಥಿಗಳು, ಮೈಸೂರಿನ ಗಂಡಹೆಂಡಿರು, ಚೀಲ ಕಟ್ಟಿಕೊಂಡು ಹೊರಟಿದ್ದರು. ದುಂಡವ್ವ ಅವರ ಕೈಗೆ ಶೇಂಗಾ ಹಿಂಡಿಯ ಡಬ್ಬಿ ಕೊಟ್ಟು, ಬಸ್ಸಿನ ತನಕ ಹೋಗಿ ಬಂದಳು. ಬಂದವಳೇ ಒಲೆಯ ಮುಂದೆ ಕೂತು, ಯಾರೂ ಉಣ್ಣದೆ ಉಳಿದ ರೊಟ್ಟಿಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು.

"ಏನಂದ್ರು ಬಾಯಾರು?"

"ತನ್ನ ಲೆಕ್ಕ ತಪ್ಪೈತಿ ಅಂತಾಳ."

"ಆಕಿ ಲೆಕ್ಕ ತಪ್ಪಾಕಿ ಅಲ್ಲ. ನೀವು ಹೇಳ್ರಿ. ಎರಡ ವರ್ಷಾತು, ಗವಿಯಿಂದ ಬಂದು ಎದಿ ಹಿಡಕೊಂಡು ಕೂಡ್ತೀರಿ. ಯಾಕಂದ್ರ ಬಿಸಲು ಅಂತೀರಿ. ಗವಿಯೊಳಗ ಎಲ್ಲೀ ಬಿಸಲ್ರಿ?"

ಯಮನಪ್ಪ ಗೋಡೆಗೆ ಒರಗಿ ಕೂತ. ಇಷ್ಟು ದಿನ ಮುಚ್ಚಿಟ್ಟುಕೊಂಡದ್ದನ್ನು ಹೆಂಡತಿಯ ಮುಂದೆ ತೆರೆದ. ಮೊದಮೊದಲು ಒಂದು ಉಸಿರಿಗೆ ಗೋಡೆಯೆಲ್ಲ ಬೆಳಗುತ್ತಿತ್ತು. ಬರಬರುತ್ತ ಎರಡು ಬೇಕಾದವು, ಆಮೇಲೆ ನಾಲ್ಕು, ಈಚೆಗೆ ಹತ್ತು. ಬಟ್ಟಿಯಲ್ಲಿ ಮೂವತ್ತು ವರ್ಷ ಸುಣ್ಣ ಕುಡಿದ ಎದೆ, ಉಸಿರಿನ ಸತ್ವ ಹೋಗಿದೆ ಎಂದುಕೊಂಡ. ದವಾಖಾನೆಗೆ ಹೇಳಿದರೆ ಗವಿಗಿಳಿಯಬೇಡ ಎನ್ನುತ್ತಾರೆ, ಪಾಳಿ ತಪ್ಪುತ್ತದೆ. ಬಂದವರು ಬೆಳಕು ಕಾಣದೆ ಹೋಗಬಾರದೆಂದು ಗೋಡೆಗೆ ಇನ್ನಷ್ಟು ಹತ್ತಿರ ಹೋಗಿ, ಎದೆ ಬಿರಿಯುವಂತೆ ಊದುತ್ತ ಬಂದ.

ದುಂಡವ್ವ ರೊಟ್ಟಿ ಜೋಡಿಸುವುದನ್ನು ನಿಲ್ಲಿಸಿದಳು. "ನಿಮ್ಮ ಜೋಡಿ ಗೈಡ್ ಪರಸಪ್ಪನ ಹೇಂತೀನೂ ಹಿಂಗ ಅಂತಿದ್ಲು," ಎಂದಳು. "ನಮ್ಮ ಮನಿಯವರು ಗವಿಯಿಂದ ಬಂದ್ರ ಹಾಸಗಿ ಹಿಡೀತಾರ, ಯಾರ ಮುಂದೂ ಹೇಳಬ್ಯಾಡ ಅಂತ. ಸಿದರಾಯನ ಮನ್ಯಾಗೂ ಇದ ಕಥಿ. ಏನ್ರಿ, ನಾಲ್ಕು ಗಂಡಸರ ಎದಿ ಒಂದ ದಿನ ಹರೀತಾವೇನು?"

ಯಮನಪ್ಪನ ಕೈ ತಾನಾಗಿ ಎದೆಯ ಮೇಲೆ ಹೋಯಿತು.

"ಸೊರಗಿದ್ದು ನಿಮ್ಮೆದಿ ಅಲ್ಲ," ಎಂದಳು ದುಂಡವ್ವ. "ಆಕಿ ಸೊರಗ್ಯಾಳ. ಸೊರಗಿದಾಕಿನ್ನ ನೀವು ಹೊಡದು ಹೊಡದು ಎಬ್ಬಿಸಿ ಕುಣಿಸೀರಿ."

"ಹಂಗಿದ್ರ ಮಣಿ ಎಣಸ್ತಿತ್ತಲ್ಲ," ಎಂದು ಯಮನಪ್ಪ ಅಂದ. "ನಾವು ಎಷ್ಟ ಊದಿದ್ರೂ ಮಣಿ..."

ಮಾತು ಅಲ್ಲಿಗೇ ನಿಂತಿತು. ಅವನು ಎದ್ದು, ಪಟಕ ಸುತ್ತಿಕೊಳ್ಳದೆ, ಬರಿತಲೆಯಲ್ಲಿ ಗವಿಯ ಕಡೆ ನಡೆದ.

ಗವಿಯ ಬಾಯಲ್ಲಿ, ಚಪ್ಪಲಿ ಬಿಡುವ ಕಟ್ಟೆಯ ಪಕ್ಕದಲ್ಲಿ, ಗೋಡೆಗೆ ಬಡಿದ ಒಂದು ಕಟ್ಟಿಗೆಯ ಗೂಟ. ಅದರ ಮೇಲೆ ನಾಲ್ಕು ಮಣಿಗಳು ತೂಗುತ್ತಿದ್ದವು. ಅವುಗಳ ಪಟ್ಟಿ ಚರ್ಮದ್ದು, ಚೆನ್ನಾಗಿ ಹದ ಮಾಡಿ ಹೊಲಿದದ್ದು. ಚರ್ಮ ತೊಟ್ಟು ದೇವರ ಎದುರು ಹೋಗುವುದುಂಟೆ? ಮೊದಲ ದಿನವೇ ಯಮನಪ್ಪ ಚಪ್ಪಲಿ ಕಳಚಿ, ಸೊಂಟದ ಬೆಲ್ಟ್ ಬಿಚ್ಚಿ, ಕೊರಳ ಮಣಿಯನ್ನೂ ತೆಗೆದು ಗೂಟಕ್ಕೆ ಹಾಕಿದ್ದ. ಹಿರಿಯನನ್ನು ನೋಡಿ ಉಳಿದ ಗೈಡುಗಳು ಹಾಕಿದರು. ಉಸಿರು ಒಪ್ಪಿಸಲು ಬಂದ ಮನೆಮಂದಿ ಹಾಕಿದರು. ಪ್ರವಾಸಿಗರು ಮಾತ್ರ ಮಣಿ ತೊಟ್ಟೇ ಇಳಿಯುತ್ತಿದ್ದರು. ಅವರಿಗೆ ಅದು ನೋಡುವ ಜಾಗ, ಅವರಿಗೇಕೆ ಮಡಿ ಎಂದು ಊರವರು ಸುಮ್ಮನಿದ್ದರು.

ಯಮನಪ್ಪ ನಾಲ್ಕೂ ಮಣಿಗಳನ್ನು ಗೂಟದಿಂದ ತೆಗೆದು ಕಿಸೆಗೆ ಹಾಕಿಕೊಂಡ.

ಮರುದಿನ ಗೋದಾಮಿನಲ್ಲಿ ನಾಲ್ವರು ಗೈಡುಗಳೂ ಸಾಲಾಗಿ ನಿಂತರು. ಯಮನಪ್ಪ ನಾಲ್ಕೂ ಮಣಿಗಳನ್ನು ಮೇಜಿನ ಮೇಲಿಟ್ಟು, ನಡೆದದ್ದನ್ನು ಒಂದೂ ಬಿಡದೆ ಹೇಳಿದ. ಶಾಹೀನ್ ಒಂದು ಮಣಿಯನ್ನು ಯಂತ್ರಕ್ಕೆ ಹಚ್ಚಿ ನೋಡಿದಳು. ಹನ್ನೊಂದು ವರ್ಷಕ್ಕೆ ಅದರ ಎಣಿಕೆ ಕೆಲವು ನೂರು, ಮೊದಲ ದಿನ ಮನೆಯಿಂದ ಗೂಟದ ತನಕ ನಡೆದಾಗಿನ ಉಸಿರು.

"ಸೊನ್ನಿ ಇದ್ದ ಮಣೀನ್ನ ಯಂತ್ರ ಯಾರೂ ಹಾಕ್ಕೊಂಡಿಲ್ಲ ಅಂತ ತಿಳೀತಿತ್ತು," ಎಂದಳು. ಅವಳ ದನಿ ತಣ್ಣಗಿತ್ತು. "ಅದಕ್ಕ ದಿನಾ ಸಂಜಿಗೆ ಆರುನೂರು ಉಸಿರು ಉಳೀತಿದ್ವು. ಬಾಗಿಲಾ ಇನ್ನೂ ನಾಲ್ಕು ಮಂದೀನ್ನ ಒಳಗ ಬಿಡ್ತಿತ್ತು."

"ನಾವು ಅದನ್ನ ಅವ್ವನ ಪ್ರಸಾದ ಅಂತಿದ್ವಿ," ಎಂದ ಪರಸಪ್ಪ, ನೆಲ ನೋಡುತ್ತ.

"ಗೋಡಿ ಮಂಕಾದಷ್ಟೂ ನೀವು ಹೆಚ್ಚಿಗೆ ಊದಿದ್ರಿ. ಊದಿದಷ್ಟೂ ಬೆಳಗಿತು. ನನ್ನ ಕ್ಯಾಮೆರಾಕ್ಕ ಬೆಳಕಷ್ಟ ಕಾಣ್ತಿತ್ತು, ಊದೂದು ಕಾಣ್ತಿರಲಿಲ್ಲ." ಅವಳು ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ಬರೇ ಚರ್ಮದ ಸಲುವಾಗಿ ಕಾಕಾ? ನನಗ ಒಂದ ಮಾತು ಹೇಳಿದ್ರ ನೂಲಿನ ದಾರ ಹಾಕಸ್ತಿದ್ನಲ್ಲ."

"ಹೇಳೂದೇನಿತ್ರಿ ಬಾಯಾರ," ಎಂದ ಯಮನಪ್ಪ. "ಗುಡಿಯೊಳಗ ಹೋಗಾಗ ಚಪ್ಪಲಿ ಬಿಟ್ಟು ಹೊಂಟೀನಿ ಅಂತ ಯಾರ ಮುಂದರೆ ಹೇಳ್ತೀವೇನು?"

ಶಾಹೀನ್ ಅವನ ಮುಖ ನೋಡಿದಳು. ಪಟ್ಟಿಯನ್ನು ಬೆರಳಿನಿಂದ ಬಿಚ್ಚಿ ಮೇಜಿನ ಮೇಲಿಟ್ಟಳು. "ನಾನೂ ಆ ಗೂಟ ದಿನಾ ನೋಡೀನಿ," ಎಂದಳು ಕೊನೆಗೆ. "ಹೆಚ್ಚಿನ ಮಣಿ ತೂಗಹಾಕ್ಯಾರ ಅಂದ್ಕೊಂಡಿದ್ದೆ. ನಾನರೆ ಕೇಳಿದ್ನೇನು?"

ಇನ್ನು ಉಳಿದದ್ದು ಒಳಗವಿಯ ಹಿಂದಿನ ಗೋಡೆಯ ರೊಟ್ಟಿಯಷ್ಟು ಜೀವ. ಅದು ಉಳಿದರೆ ಗುಡ್ಡ ಉಳಿಯುತ್ತದೆ. ಹಾಸು ವರ್ಷಕ್ಕೆ ಒಂದು ಜೋಳದ ಕಾಳಿನಷ್ಟು ಬೆಳೆಯುತ್ತದೆಂದು ಶಾಹೀನ್ ಹೇಳಿದಳು. ನಮ್ಮ ಕಾಲಕ್ಕಂತೂ ಇಲ್ಲ, ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಗವಿ ಬೆಳಗಬಹುದು. ಅಷ್ಟಕ್ಕೇ ಊರು ಕೈಮುಗಿದು ಒಪ್ಪಿತು. ಗಾಳಿಯಾಡದಂತೆ ಬಾಗಿಲ ಸಂದಿಗಳಿಗೆ ಮೇಣ ಮೆತ್ತಿದರು. ದಿನಕ್ಕೊಮ್ಮೆ ಶಾಹೀನ್ ಮತ್ತು ಯಮನಪ್ಪ ಇಬ್ಬರೇ ಇಳಿಯುವರು. ಬಿಟ್ಟ ಉಸಿರೆಲ್ಲ ಕೊಳವೆಯೊಳಗೆ ಹೋಗಿ ಬೆನ್ನ ಮೇಲಿನ ಚೀಲದಲ್ಲಿ ಸೇರುವಂಥ ಮುಖವಾಡ ತೊಟ್ಟು, ಒಂದು ಸೂಜಿಮೊನೆಯಷ್ಟು ಉಸಿರುಗಾಳಿ ಸೋಕಿಸಿ, ಬೆಳಕಿನ ಅಂಚನ್ನು ಅಳೆಯುವರು.

ಮೊದಲ ವಾರ ರೊಟ್ಟಿಯಷ್ಟಿದ್ದದ್ದು ಅಂಗೈಯಷ್ಟಾಯಿತು. ಸತ್ತ ಹಾಸು ಕೊಳೆತು, ಆ ಕೊಳೆ ಜೀವವಿದ್ದ ಕಡೆಗೆ ಹರಿಯುತ್ತಿತ್ತು. ಶಾಹೀನ್ ಸುತ್ತಲಿನ ಗೋಡೆಯನ್ನು ಕೂದಲಿನ ಕುಂಚದಿಂದ ಕೆರೆದು ತೆಗೆದಳು. ಔಷಧ ತರಿಸಿದಳು. ಅಂಗೈ ವೀಳ್ಯದೆಲೆಯಾಯಿತು. ಊರ ಹೆಂಗಸರು ಸೋಮವಾರ ಉಪವಾಸ ಹಿಡಿದರು. ದುಂಡವ್ವ ತನ್ನ ಕೆಮ್ಮಿನ ಔಷಧವನ್ನು ತಂದು, "ಇದರಾಗ ಒಂದ ಹನಿ ಆಕಿಗೆ ಹಾಕಿ ನೋಡ್ರಿ ಬಾಯಾರ," ಎಂದಳು. ಶಾಹೀನ್ ಬೇಡವೆನ್ನಲಾರದೆ ಬಾಟಲಿ ಇಸಿದುಕೊಂಡು ಮೇಜಿನ ಮೇಲಿಟ್ಟುಕೊಂಡಳು.

ಅಷ್ಟರಲ್ಲಿ ಸುಣ್ಣಗಲ್ಲಿಗೆ ಕಾದಿದ್ದ ಸಿಮೆಂಟ್ ಕಂಪನಿಯವರು ಗುಡ್ಡದ ಸುತ್ತ ಬಿಳಿ ಕಂಬ ನೆಡತೊಡಗಿದ್ದರು. ಇನ್ನೂ ಜೀವ ಇದೆಯಲ್ಲ ಎಂದು ಜನ ಕೇಳಿದರೆ, "ನಾವು ಕಂಬ ಅಷ್ಟ ನೆಡಾಕತ್ತೀವಿ ಅಣ್ಣಾರ, ಕಲ್ಲಿಗೆ ಕೈ ಹಚ್ಚಿಲ್ಲ," ಎನ್ನುವರು. ಸಿದರಾಯನೇ ಮೊದಲು ಹೋಗಿ ಅವರ ಕೆಲಸಕ್ಕೆ ಹೆಸರು ಬರೆಸಿದ. ಅವನನ್ನು ಯಾರೂ ಬೈಯಲಿಲ್ಲ. ಮರುದಿನ ಇನ್ನೂ ಹದಿನೇಳು ಜನ ಬರೆಸಿದರು.

"ಮತ್ತ ಸುಣ್ಣ ತಿನ್ನೂದು ಬಂತು," ಎಂದಳು ದುಂಡವ್ವ. ಕೋಣೆಯಲ್ಲಿ ಅತಿಥಿಗಳಿಗೆಂದು ಮಡಿಸಿಟ್ಟಿದ್ದ ಚಾದರಗಳನ್ನು ಅವಳು ಹಳೆಯ ಟ್ರಂಕಿಗೆ ತುಂಬುತ್ತಿದ್ದಳು.

ಇಪ್ಪತ್ತಾರನೆಯ ದಿನ ಬೆಳಕು ಒಂದು ರೂಪಾಯಿ ನಾಣ್ಯದಷ್ಟಿತ್ತು. ಇಪ್ಪತ್ತೆಂಟನೆಯ ದಿನ ಎಳ್ಳಿನಷ್ಟು. ಯಮನಪ್ಪ ಕಲ್ಲಿನ ಮೇಲೆ ಮಂಡಿಯೂರಿ, ಮುಖವಾಡದೊಳಗೆ ಉಸಿರು ಬಿಗಿಹಿಡಿದು ನೋಡಿದ. ಗೌರವ್ವನ ಹನ್ನೊಂದನೆಯ ದಿನ ಗೋಡೆ ಎಷ್ಟು ಉರಿದಿತ್ತು! ಮಗಳು ಸುಖವಾಗಿ ಸೇರಿದಳೆಂದು ತಾವು ಅಂದು ಸಮಾಧಾನಪಟ್ಟುಕೊಂಡಿದ್ದರು. ಆ ಸಮಾಧಾನವನ್ನು ಈ ತಾಯಿ ತನ್ನ ಒಡಲು ಸುಟ್ಟು ಕೊಟ್ಟಿದ್ದಳು. ಕೊಟ್ಟಿದ್ದನ್ನು ಕೂಡಿಸಿಕೊಳ್ಳಲು ಆಗ ಅವಳಿಗೆ ಬಿಡುವಿತ್ತು. ಈ ಹನ್ನೊಂದು ವರ್ಷ ಅದನ್ನೂ ತಾವು ಬಿಡಲಿಲ್ಲ.

ಇಪ್ಪತ್ತೊಂಬತ್ತನೆಯ ದಿನ ಶಾಹೀನ್ ಸೂಜಿಮೊನೆಯ ಗಾಳಿ ಸೋಕಿಸಿದಳು. ಕಾದಳು. ಮತ್ತೆ ಸೋಕಿಸಿದಳು. ಆಮೇಲೆ ಕೈದೀಪ ಹೊತ್ತಿಸಿ, ಮುಖವಾಡ ಕಳಚಿ, "ಮುಗೀತು ಕಾಕಾ. ಈಗ ಉಸಿರಾಡ್ರಿ," ಎಂದಳು.

ಅಂದಿನಿಂದ ಹನ್ನೊಂದನೆಯ ದಿನ ಮುಂಜಾನೆ ಊರಿಗೆ ಊರೇ ಗವಿಯ ಬಾಯಲ್ಲಿ ಸೇರಿತು. ಮರುದಿನ ಗುಡ್ಡಕ್ಕೆ ಸುರಂಗ ಇಟ್ಟು ಸಿಡಿಸುವರೆಂದು ಡಂಗುರ ಸಾರಿ ಆಗಿತ್ತು. ಶಾಹೀನ್ ತನ್ನ ಯಂತ್ರಗಳನ್ನು ಲಾರಿಗೆ ಹೇರಿಸಿ, ಕೈಯಲ್ಲಿ ಒಂದು ಬಿಳಿ ದಾವಣಿ ಹಿಡಿದು ಬಂದಿದ್ದಳು. "ನಾ ಒಳಗ ಬರಬಹುದೇನು ಕಾಕೂ?" ಎಂದು ಅವಳು ದುಂಡವ್ವನನ್ನು ಕೇಳಿದಳು.

"ನೀ ಈ ಮನಿ ಮಗಳಲ್ಲೇನ? ತಲಿ ಮ್ಯಾಲೆ ಸೆರಗ ಹೊದ್ದು ಬಾ."

ಜನ ಚಪ್ಪಲಿ ಬಿಟ್ಟರು. ಯಮನಪ್ಪನೂ ಬಿಟ್ಟ. ಆಮೇಲೆ ಗೂಟದ ಕಡೆ ಹೋಗಿ, ಖಾಲಿಯಾಗಿದ್ದ ಅದನ್ನು ಒಂದು ಸಲ ನೋಡಿ, ಶಾಹೀನಳಿಂದ ಕೇಳಿ ತಂದಿದ್ದ ತನ್ನ ಮಣಿಯನ್ನು ಕಿಸೆಯಿಂದ ತೆಗೆದು, ಚರ್ಮದ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡ. ಪರಸಪ್ಪ ಮುಖ ತಿರುಗಿಸಿ ಕಣ್ಣೊರಸಿಕೊಂಡ.

ಕೆಳಗಿನ ಅಂಗಳ ಹಿಡಿಸದಷ್ಟು ಜನ. ಮೆಟ್ಟಿಲ ಮೇಲೂ ನಿಂತರು. ಈಗ ಎಷ್ಟು ಜನ ಉಸಿರಾಡಿದರೂ ಕೆಡುವುದೇನೂ ಇರಲಿಲ್ಲ. ಯಮನಪ್ಪ ದೀಪ ಆರಿಸಿದ. ಸತ್ತವರ ಹೆಸರು ಹೇಳಿ ಉಸಿರನ್ನು ತಾಯಿಗೆ ಒಪ್ಪಿಸುವುದು ಹಿರಿಯರಿಂದ ಬಂದ ಪದ್ಧತಿ. ತಾಯಿಯೇ ಸತ್ತಾಗ ಯಾರಿಗೆ ಒಪ್ಪಿಸಬೇಕೆಂದು ಹಿರಿಯರು ಹೇಳಿರಲಿಲ್ಲ. ಅವನು ಗೋಡೆಗೆ ಹಣೆ ಹಚ್ಚಿ, ಎದೆಯಲ್ಲಿದ್ದಷ್ಟನ್ನೂ ಬಿಟ್ಟ. ಅವನ ಹಿಂದೆ ಊರೆಲ್ಲ ಬಿಟ್ಟಿತು, ಗಾಳಿ ಜೋಳದ ಹೊಲದ ಮೇಲೆ ಹಾಯ್ದಂಥ ಸದ್ದು. ಗೋಡೆ ಬೆಳಗಲಿಲ್ಲ. ಬೆಳಗುವುದಿಲ್ಲವೆಂದು ಗೊತ್ತಿದ್ದರೂ ಜನ ಕಣ್ಣು ಮಿಟುಕಿಸದೆ ಕಾದರು. ಅವನ ಕೊರಳಲ್ಲಿ ಮಣಿ ಮಾತ್ರ ತನ್ನ ಪಾಡಿಗೆ ಎಣಿಸುತ್ತಿತ್ತು.

ಆ ಕತ್ತಲಲ್ಲೇ ಯಮನಪ್ಪ ಕೈ ಜೋಡಿಸಿದ.

"ಶಿವನೇ, ಈಕಿ ನಮ್ಮವ್ವ. ನಮ್ಮ ಸತ್ತವರನ್ನೆಲ್ಲಾ ಕರಕೊಂಡಾಕಿ, ನಮ್ಮ ಇದ್ದವರಿಗೆಲ್ಲಾ ಉಣ್ಣಾಕ ಹಾಕಿದಾಕಿ. ದಣದಾಳ ಅಂತ ನಮಗ ತಿಳೀಲಿಲ್ಲ. ಮಡೀಲೆ ಬಂದು, ಭಕ್ತೀಲೆ ನಿಂತು, ನಮ್ಮ ಉಸಿರೀಲೆ ಈಕಿನ್ನ ಕೊಂದೀವಿ. ನಮ್ಮನ್ನ ಮನ್ನಿಸಂತ ಕೇಳೂದಿಲ್ಲ. ಈಕಿನ್ನ ನಿನ್ನ ತಂಪಿನ್ಯಾಗ ಇಟಗೋ. ಯಾರೂ ಎಬ್ಬಿಸದಂಥಲ್ಲಿ ಮಲಗಸು. ಈಕಿ ದಣಿವು ಆರಲಿ, ತಂದಿ. ಈಕಿ ಜೀವಕ್ಕ ಶಾಂತಿ ಸಿಗಲಿ."